ಚಮಕೀಲಾ: ಯಾರಿಗೆ ಅಶ್ಲೀಲ?

1988ರ ಮಾರ್ಚ್ 8ರಂದು ಪಂಜಾಬಿನ ಜಲಂಧರ್ ಜಿಲ್ಲೆಯ ಮೆಹಸಂಪುರದಲ್ಲಿ ಹಾಡಲು ಬಂದು ಕಾರಿನಿಂದಿಳಿಯುತ್ತಿದ್ದ ಅಮರ್ ಸಿಂಗ್ ಚಮಕೀಲಾನನ್ನೂ ಅವನ ಹೆಂಡತಿ, ಸಹಗಾಯಕಿ ಅಮರ್‌ಜೋತ್‌ಳನ್ನೂ ಗುಂಡಿಕ್ಕಿ ಕೊಂದರು. ಮೇಳದ ಇನ್ನಿಬ್ಬರೂ ಸತ್ತರು. ಅವನಿಗಾಗ ಇಪ್ಪತ್ತೇಳು ವರ್ಷ. ಕೊಂದವರಿಗೆ ಶಿಕ್ಷೆಯಾಗಲೇ ಇಲ್ಲ. ಉಗ್ರಗಾಮಿಗಳ ಕೆಲಸ ಅಂತ ಕೆಲವರು, ಎದುರಾಳಿ ಗಾಯಕರ ಹೊಟ್ಟೆಕಿಚ್ಚು ಅಂತ ಕೆಲವರು, ಜಾತಿ ಮೀರಿದ ಮದುವೆಗೆ ತೆತ್ತ ಬೆಲೆ ಅಂತ ಮತ್ತೆ ಕೆಲವರು. ಈ ಮೂರೂ ಅನುಮಾನಗಳು ಇವತ್ತಿಗೂ ಜೀವಂತವಾಗಿವೆ ಅನ್ನೋದೇ ಅವನು ಎಂಥ ಸಮಾಜದಲ್ಲಿ ಹಾಡುತ್ತಿದ್ದ ಅನ್ನೋದನ್ನು ತಿಳಿಸುತ್ತದೆ.

ಅವನ ಹುಟ್ಟುಹೆಸರು ಧನಿರಾಮ್. 1960ರಲ್ಲಿ ಲುಧಿಯಾನಾ ಬಳಿಯ ದುಗ್ರಿಯ ಬಡ ಚಮಾರ ಕುಟುಂಬದಲ್ಲಿ ಹುಟ್ಟಿದವನು. ಎಲೆಕ್ಟ್ರಿಷಿಯನ್ ಆಗಬೇಕೆಂಬ ಆಸೆ. ಸಿಕ್ಕಿದ್ದು ಬಟ್ಟೆ ಗಿರಣಿಯ ಕೂಲಿ. ಗಾಯಕ ಸುರೀಂದರ್ ಶಿಂದಾನ ಮೇಳ ಸೇರಿ ಹಾಡು ಬರೆದುಕೊಟ್ಟ, ಒಂಟಿ ತಂತಿಯ ತುಂಬಿ ನುಡಿಸಿದ. ಬರೆದವನು ಇವನು, ಹೆಸರು ಹಾಡಿದವರದು. ಆ ದುಡ್ಡು ಹೊಟ್ಟೆಗೆ ಸಾಲದೆ ತಾನೇ ಮೈಕಿನ ಮುಂದೆ ನಿಂತ. ಮೊದಲು ಸುರೀಂದರ್ ಸೋನಿಯಾ, ಆಮೇಲೆ ಅಮರ್‌ಜೋತ್ ಜೊತೆಗೆ ಹಾಡಿದರು. 1980ರ ದಶಕ ಕ್ಯಾಸೆಟ್ಟುಗಳ ಕಾಲ. ಅವನ ಧ್ವನಿ ಲಾರಿ, ಟ್ರ್ಯಾಕ್ಟರುಗಳನ್ನು ಹತ್ತಿ ಊರೂರಿಗೆ ಹೋಯಿತು. ಅವನ ಅಖಾಡ ನೋಡಲು ಜನ ಮನೆಗಳ ಮಾಳಿಗೆ ಹತ್ತಿ ಕೂರುತ್ತಿದ್ದರು.

ಆ ಯುಗಳಗೀತೆಗಳಲ್ಲಿ ಇದ್ದದ್ದು ಕುಡಿತ, ಹಾದರ, ಭಾವ-ನಾದಿನಿಯರ ಚೇಷ್ಟೆ. ಪಂಜಾಬಿನ ಮದುವೆಗಳಲ್ಲಿ ಹೆಂಗಸರು ಬೀಗರನ್ನು ಬೈದು ಹಾಡುವ ಸಿಠಣಿಗಳಲ್ಲೂ ಇಂಥದೇ ಒರಟು ಮಾತುಂಟು. ವಿದ್ವಾಂಸರು ಬರೆದಿಟ್ಟುಕೊಂಡರೆ ಅದು ಜಾನಪದ. ಚಮಾರನೊಬ್ಬ ಅದನ್ನು ಹಾಡಿ ದುಡ್ಡು ಎಣಿಸತೊಡಗಿದರೆ ಅಶ್ಲೀಲ! ಇಂಥ ಹಾಡು ಹಾಡಿದವರು ಅವನಿಗಿಂತ ಮುಂಚೆಯೂ ಇದ್ದರು, ಜೊತೆಯಲ್ಲೂ ಇದ್ದರು.

ಹಾಗಂತ ದಲಿತ ವಿಮರ್ಶೆ ಅವನನ್ನು ತೊಳೆದು ಮಡಿ ಮಾಡಿ ಗುಡಿಯಲ್ಲಿ ಕೂರಿಸಬೇಕಿಲ್ಲ. ಸಿಠಣಿ ಹೆಂಗಸರ ಬಾಯಿಯದು; ಚಮಕೀಲಾನ ಹಾಡಿನಲ್ಲಿ ಹೆಣ್ಣು ಎಷ್ಟೇ ಎದುರು ಮಾತಾಡಲಿ, ಆ ಮಾತನ್ನು ಬರೆದುಕೊಟ್ಟದ್ದು ಗಂಡು. ಇನ್ನೂ ತೊಡಕಿನ ಸಂಗತಿಯೆಂದರೆ ನಾಯಕ ಯಾರು ಅನ್ನೋದು. ಪಂಜಾಬಿನಲ್ಲಿ ನೆಲದ ಬಹುಪಾಲು ಜಾಟರ ಕೈಯಲ್ಲಿದೆ. 2011ರ ಜನಗಣತಿಯಂತೆ ಅಲ್ಲಿ ಪರಿಶಿಷ್ಟರು ಸುಮಾರು ಶೇ. 32, ದೇಶದ ಯಾವ ರಾಜ್ಯದಲ್ಲೂ ಇಷ್ಟಿಲ್ಲ. ಆದರೆ ಅಖಾಡಕ್ಕೆ ಕರೆಸಿ ದುಡ್ಡು ಕೊಡುವ ಶಕ್ತಿ ಯಾರಿಗಿತ್ತು? ಅವನ ಹೆಸರಾಂತ ಹಾಡೊಂದರ ಹೆಸರೇ 'ಜಟ್ಟ್ ದೀ ದುಶ್ಮಣಿ', ಜಾಟನ ಹಗೆ. ಗಂಟಲು ಚಮಾರನದು, ಹಾಡಿನ ಮೀಸೆ ಜಾಟನದು.

1987ರಲ್ಲಿ ಉಗ್ರಗಾಮಿಗಳು ಮದ್ಯ, ಮಾಂಸ, ಅದ್ದೂರಿ ಮದುವೆಗಳ ವಿರುದ್ಧ ಕಟ್ಟಳೆ ಹೊರಡಿಸಿದ್ದರು. ಚಮಕೀಲಾ ಭಕ್ತಿಗೀತೆಗಳನ್ನೂ ಹಾಡಿದ, ಅವೂ ಮಾರಾಟವಾದವು. ಆದರೆ ಮದುವೆಮನೆಯವರು ಕೇಳುತ್ತಿದ್ದದ್ದು ಹಳೆಯ ಹಾಡುಗಳನ್ನೇ.

2024ರಲ್ಲಿ ಇಮ್ತಿಯಾಜ್ ಅಲಿ ಅವನ ಮೇಲೆ ಹಿಂದಿ ಸಿನಿಮಾ ಮಾಡಿದರು. ಜಾತಿ ಅಲ್ಲಿ ಬಂದು ಹೋಗುತ್ತದೆ, ನಿಲ್ಲುವುದಿಲ್ಲ. ಅದಕ್ಕೂ ಮುಂಚೆಯೇ, ಅದೇ ಜಲಂಧರಿನಿಂದ ಗಿನ್ನಿ ಮಾಹಿ ಎಂಬ ಹುಡುಗಿ 'ಡೇಂಜರ್ ಚಮಾರ್' ಅಂತ, ಜಾತಿಯ ಹೆಸರನ್ನೇ ಹಿಡಿದು ಹಾಡಿದ್ದಳು.