ಸ್ವಂತ ಮನೆಯ ಕನ್ನಡ: ಅಂತರ್ಜಾಲದಲ್ಲಿ ನಾವು ಕಟ್ಟಿದ್ದು, ಉಳಿಸಿದ್ದು

ಹೊರನಾಡಿನ ನಮಗೆ ಒಂದು ಕಾಲದಲ್ಲಿ ಕನ್ನಡ ಓದಲು ಸಿಗುತ್ತಿದ್ದುದು ಸಂಘದ ಲೈಬ್ರರಿಯಲ್ಲಿ, ಇಲ್ಲವೇ ಊರಿಂದ ಬಂದವರ ಚೀಲದಲ್ಲಿ. 1995ರ ಆಗಸ್ಟ್ 15ರಂದು ವಿಎಸ್ಸೆನ್ನೆಲ್ ಜನಸಾಮಾನ್ಯರಿಗೆ ಅಂತರ್ಜಾಲ ತೆರೆದಾಗ ಮೊದಲ ಊರುಗಳಲ್ಲಿ ಮುಂಬಯಿಯೂ ಇತ್ತು. ಕೆಲವೇ ವರ್ಷಗಳಲ್ಲಿ ಕನ್ನಡ ಪತ್ರಿಕೆಗಳು ಕಾಂದಿವಲಿಯ ಕಂಪ್ಯೂಟರಿಗೂ ಬಂದವು. ಆದರೆ ಒಂದೊಂದಕ್ಕೆ ಒಂದೊಂದು ಫಾಂಟು! ಆ ಫಾಂಟ್ ಇಲ್ಲದಿದ್ದರೆ ಕಾಣುತ್ತಿದ್ದುದು ಬರೀ ಕಲಸುಮೇಲೋಗರ.

2001ರಲ್ಲಿ ವಿಂಡೋಸ್ ಎಕ್ಸ್‌ಪಿ ತುಂಗಾ ಫಾಂಟಿನೊಂದಿಗೆ ಬಂದ ಮೇಲೆ ಯೂನಿಕೋಡ್ ಕನ್ನಡ ಮನೆಮನೆಗೆ ತಲುಪಿತು. ಆಗ ಎದ್ದ ಪ್ರಶ್ನೆ: ಬರೆದದ್ದನ್ನು ಎಲ್ಲಿಡುವುದು? ಜಿಯೋಸಿಟೀಸ್‌ನಂಥ ಕಡೆ ಪುಕ್ಕಟೆ ಜಾಗವಿತ್ತು. ಆದರೆ ಅದು ನಮ್ಮ ಮುಂಬಯಿಯ ಲೀವ್ ಅಂಡ್ ಲೈಸೆನ್ಸ್ ಮನೆ ಇದ್ದಂತೆ, ಮಾಲೀಕ ಹೇಳಿದ ದಿನ ಗಂಟುಮೂಟೆ ಕಟ್ಟಬೇಕು. 2009ರ ಅಕ್ಟೋಬರಿನಲ್ಲಿ ಯಾಹೂ ಅದನ್ನು ಮುಚ್ಚಿಯೇ ಬಿಟ್ಟಿತು.

ಸ್ವಂತ ಮನೆ ಕಟ್ಟುವವರಿಗೆ ಮುಕ್ತ ತಂತ್ರಾಂಶದ ಸಾಮಾನು ಅಷ್ಟರಲ್ಲಿ ಸಿದ್ಧವಾಗಿತ್ತು. 1991ರ ಲಿನಕ್ಸ್, 1995ರಲ್ಲಿ ಬಂದ ಅಪಾಚೆ, ಮೈಎಸ್‌ಕ್ಯೂಎಲ್, ಪಿಎಚ್‌ಪಿ. ನಾಲ್ಕೂ ಸೇರಿದರೆ 'ಲ್ಯಾಂಪ್'. ಪೈಥಾನಿನ ಪ್ಲೋನ್ ಇತ್ತು, 2004ರಲ್ಲಿ ರೂಬಿ ಆನ್ ರೈಲ್ಸ್ ಕೂಡ ಬಂತು. ಆದರೂ ಹೆಚ್ಚಿನವರು ಲ್ಯಾಂಪ್ ಹಿಡಿದದ್ದು ಅದು ಎಲ್ಲಕ್ಕಿಂತ ಚೆಂದ ಎಂದಲ್ಲ. ಅಗ್ಗದ ಹೋಸ್ಟಿಂಗ್ ಕೊಡುವವರೆಲ್ಲರಲ್ಲೂ ಅದು ಸಿಗುತ್ತಿತ್ತು, ಕೆಟ್ಟರೆ ರಿಪೇರಿ ಬಲ್ಲವರೂ ಸಿಗುತ್ತಿದ್ದರು.

ಕನ್ನಡದ ಕಥೆಯೂ ಹಾಗೆಯೇ. 2003ರಲ್ಲಿ ಶುರುವಾದ ಕನ್ನಡ ವಿಕಿಪೀಡಿಯ ನಿಂತದ್ದು ಪಿಎಚ್‌ಪಿಯಲ್ಲಿ ಬರೆದ ಮೀಡಿಯಾವಿಕಿಯ ಮೇಲೆ. 2005ರಲ್ಲಿ ಹರಿಪ್ರಸಾದ್ ನಾಡಿಗ್ ಆರಂಭಿಸಿದ 'ಸಂಪದ' ಡ್ರೂಪಲ್ ಮೇಲೆ, ಅದೂ ಪಿಎಚ್‌ಪಿಯದೇ. ಊರು ಬಿಟ್ಟ ಎಷ್ಟೋ ಮಂದಿ ಕನ್ನಡದಲ್ಲಿ ಟೈಪಿಸಲು ಕಲಿತದ್ದು ಇಂಥ ಜಗಲಿಗಳಲ್ಲಿ.

ಆದರೆ ಈ ಸಾಮಾನು ತಯಾರಿಸಿದವರ ಮನಸ್ಸಿನಲ್ಲಿ ಇದ್ದದ್ದು ಇಂಗ್ಲಿಷು. ನೋಡಿ, 'ಕನ್ನಡ' ಎಂದರೆ ನಮಗೆ ಮೂರಕ್ಷರ. ಒತ್ತಿನ ಲೆಕ್ಕ ಸೇರಿ ಯೂನಿಕೋಡಿನಲ್ಲಿ ಅದು ಐದು ಸಂಕೇತ. ಯುಟಿಎಫ್-8ರಲ್ಲಿ ಒಂದಕ್ಕೆ 3 ಬೈಟಿನಂತೆ 15 ಬೈಟು. ಅಕ್ಷರದ ಬದಲು ಬೈಟು ಎಣಿಸಿ ಸಾಲು ಕತ್ತರಿಸಿದರೆ ಅಕ್ಷರವೇ ಒಡೆಯುತ್ತದೆ. ಮೈಎಸ್‌ಕ್ಯೂಎಲ್‌ಗೆ ಯೂನಿಕೋಡ್ ತಿಳಿದದ್ದೇ 2004ರ 4.1 ಆವೃತ್ತಿಯಲ್ಲಿ. ಆಮೇಲೂ 2018ರ 8.0 ಬರುವವರೆಗೆ, ನಾವಾಗಿ ಹೇಳದಿದ್ದರೆ ಅದು ಹಿಡಿಯುತ್ತಿದ್ದುದು ಲ್ಯಾಟಿನ್ ಲಿಪಿಯನ್ನೇ. ಸರ್ವರ್ ಬದಲಿಸುವಾಗ ಇದನ್ನು ಗಮನಿಸದಿದ್ದರೆ ವರ್ಷಗಟ್ಟಲೆಯ ಲೇಖನಗಳು ಪ್ರಶ್ನಾರ್ಥಕ ಚಿಹ್ನೆಗಳ ಸಾಲಾಗಿಬಿಡುತ್ತವೆ.

ಸ್ವಂತ ಮನೆಗೂ ವಯಸ್ಸಾಗುತ್ತದೆ. 2015ರ ಡ್ರೂಪಲ್ 8 ಹಳೆಯದಕ್ಕೆ ತೇಪೆ ಹಾಕಿದ್ದಲ್ಲ, ಬುನಾದಿಯಿಂದಲೇ ಹೊಸದು. 7ರಲ್ಲಿದ್ದ ತಾಣಗಳು ಇಡೀ ಸಂಸಾರವನ್ನೇ ಸಾಗಿಸಬೇಕಾಯಿತು. 2025ರ ಜನವರಿಯಲ್ಲಿ 7ರ ಬೆಂಬಲವೂ ನಿಂತಿತು. ಅತ್ತ ವಿಕಿಪೀಡಿಯ 2013ರಲ್ಲಿ ಮೈಎಸ್‌ಕ್ಯೂಎಲ್‌ನಿಂದ ಅದರದೇ ಕವಲಾದ ಮರಿಯಾಡಿಬಿಗೆ ದಾಟಿತು. ಓದುಗರಿಗೆ ಅದರ ಸುಳಿವೂ ಹತ್ತಲಿಲ್ಲ. ಮೂಲ ಸಂಕೇತ ಎಲ್ಲರ ಕೈಯಲ್ಲಿದ್ದುದರಿಂದಲೇ ಆ ಕವಲು ಒಡೆಯಿತು, ದಾರಿಯೂ ತೆರೆಯಿತು.

ಬ್ಯಾಂಕಿನಲ್ಲಿ ಕೈಬರಹದ ಲೆಡ್ಜರ್ ಹೋಗಿ ಪೋಸ್ಟಿಂಗ್ ಮೆಷಿನ್ ಬಂತು, ಅದೂ ಹೋಗಿ ಕೋರ್ ಬ್ಯಾಂಕಿಂಗ್ ಬಂತು. ಪ್ರತಿ ಸಲವೂ ನಾವು ಕೇಳಿದ್ದು ಒಂದೇ: ಗ್ರಾಹಕರ ಬ್ಯಾಲೆನ್ಸ್ ಪೈಸೆ ಬಿಡದೆ ಮುಂದಿನ ಪುಸ್ತಕಕ್ಕೆ ಹೋಯಿತೆ? ಹಳೆಯ ಸ್ಮರಣ ಸಂಚಿಕೆಗಳನ್ನು ಜಾಲಕ್ಕೆ ಏರಿಸಹೊರಟ ಹೊರನಾಡ ಸಂಘಗಳೂ ಯಾವ ತಂತ್ರಾಂಶ ಹೊಸತು ಎಂದು ಕೇಳುವ ಮೊದಲು ಇದನ್ನು ಕೇಳಲಿ. ಪಠ್ಯವೆಲ್ಲ ಯೂನಿಕೋಡಿನಲ್ಲಿದೆಯೆ? ಅಷ್ಟನ್ನೂ ಒಂದೇ ಕಡತವಾಗಿ ಹೊರತೆಗೆಯಲು ಬರುತ್ತದೆಯೆ? ಈಗ ನೋಡಿಕೊಳ್ಳುವ ಹುಡುಗ ಪುಣೆಗೋ ಅಮೆರಿಕಕ್ಕೋ ಹೋದರೆ ಇನ್ನೊಬ್ಬರಿಗೆ ಅದು ಅರ್ಥವಾದೀತೆ? ಮೂರಕ್ಕೂ ಹೌದು ಎನ್ನುವುದನ್ನೇ ಆರಿಸಿ, ಅದು ಹಳೆಯದಾದರೂ ಚಿಂತೆಯಿಲ್ಲ.