ಸೈರನ್ನು ಕೂಗದ ಪಾಳಿ



ದಾವಣಗೆರೆಯನ್ನು ಒಂದು ಕಾಲಕ್ಕೆ ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆಯುತ್ತಿದ್ದರು. ನಿಮ್ಮ ಹಿರಿಯರಲ್ಲಿ ಕೆಲವರು ಇಲ್ಲಿನ ಹತ್ತಿ ಗಿರಣಿಗಳಲ್ಲಿಯೋ ಹರಿಹರದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯಲ್ಲಿಯೋ ದುಡಿದವರಿರಬಹುದು. ಅವರ ಪಾಲಿಗೆ ಗಡಿಯಾರವೆಂದರೆ ಸೈರನ್ನು. ಅದು ಕೂಗಿದರೆ ಪಾಳಿ ಆರಂಭ. ಮತ್ತೆ ಕೂಗಿದರೆ ಮುಕ್ತಾಯ. ಗಿರಣಿ ಕಾರ್ಮಿಕರ ನಾಯಕರಾದ ಪಂಪಾಪತಿಯವರನ್ನು ಈ ಊರು 1978, 1983 ಮತ್ತು 1985ರಲ್ಲಿ ವಿಧಾನಸಭೆಗೆ ಆರಿಸಿ ಕಳುಹಿಸಿತು. ದುಡಿಮೆಗೊಂದು ಮಿತಿ ಬೇಕೆಂಬ ಮಾತು ನಮ್ಮ ಊರಿಗೆ ಹೊಸದಲ್ಲ.

ಆ ಮಿತಿ ತಾನಾಗಿ ಬಂದದ್ದೂ ಅಲ್ಲ. ಬ್ರಿಟಿಷ್ ಭಾರತದ 1911ರ ಕಾಯಿದೆ ಬಟ್ಟೆ ಗಿರಣಿಯ ಗಂಡಾಳಿಗೆ ದಿನಕ್ಕೆ 12 ತಾಸಿನ ಗಡಿ ಹಾಕಿತು. 1922ರಲ್ಲಿ ವಾರಕ್ಕೆ 60 ತಾಸು, 1934ರಲ್ಲಿ 54 ತಾಸು, 1946ರಲ್ಲಿ 48 ತಾಸು ಎಂದು ಅದು ಇಳಿಯುತ್ತ ಬಂದಿತು. ಅದರೊಡನೆ ವಾರಕ್ಕೊಂದು ರಜೆಯೂ ಹಕ್ಕಾಯಿತು.

ಈಗ ಗಿರಣಿಗಳ ಸದ್ದಡಗಿದೆ. ದಾವಣಗೆರೆ ಆಸ್ಪತ್ರೆಗಳ ನಗರವಾಗಿದೆ. 1965ರಲ್ಲಿ ಜೆ.ಜೆ.ಎಂ. ವೈದ್ಯಕೀಯ ಕಾಲೇಜು ಆರಂಭವಾಯಿತು. 2006ರಲ್ಲಿ ಎರಡನೆಯ ವೈದ್ಯಕೀಯ ಕಾಲೇಜೂ ಬಂದಿತು. ಚಿಗಟೇರಿ ಜಿಲ್ಲಾ ಆಸ್ಪತ್ರೆಗೆ ನೆರೆಯ ಜಿಲ್ಲೆಗಳಿಂದಲೂ ರೋಗಿಗಳು ಬರುತ್ತಾರೆ. ಪಕ್ಕದ ಹರಿಹರದಲ್ಲಿ, 2019ರಲ್ಲಿ ಬಸಿಲಿಕ ಪದವಿ ಪಡೆದ ಆರೋಗ್ಯಮಾತೆಯ ಪುಣ್ಯಕ್ಷೇತ್ರಕ್ಕೆ ಪ್ರತಿ ಸೆಪ್ಟೆಂಬರ್ 8ರಂದು ಸಾವಿರಾರು ಜನ ಆರೋಗ್ಯವನ್ನು ಬೇಡಿ ಬರುತ್ತಾರೆ. ನಮ್ಮ ಆರೋಗ್ಯ ಕಾಯುವವರ ಆರೋಗ್ಯವೇನಾಯಿತು ಎಂದು ಕೇಳುವವರು ಮಾತ್ರ ವಿರಳ. ಗಿರಣಿಗೆ ಕೂಗಿದ ಸೈರನ್ನು ಆಸ್ಪತ್ರೆಗೆ ಏಕೆ ಕೂಗಲಿಲ್ಲ?

ಉತ್ತರಕ್ಕಾಗಿ ಸ್ವಲ್ಪ ಹಿಂದೆ ಹೋಗಬೇಕು. ಯೂರೋಪಿನಲ್ಲಿ ರೋಗಿಗಳ ಶುಶ್ರೂಷೆ ಬಹುಮಟ್ಟಿಗೆ ಬೆಳೆದದ್ದು ಮಠಗಳ ನೆರಳಿನಲ್ಲಿ. ಹದಿನಾರನೆಯ ಶತಮಾನದ ರೋಮ್ ನಗರದಲ್ಲಿ ಸಂತ ಕಮಿಲಸ್ ಕಟ್ಟಿದ ಸಭೆಯವರು, ಪ್ರಾಣಾಪಾಯವಿದ್ದರೂ ರೋಗಿಯ ಸೇವೆ ಬಿಡೆವು ಎಂಬ ವಿಶೇಷ ವ್ರತವನ್ನೇ ತೊಟ್ಟರು. 1860ರಲ್ಲಿ ಲಂಡನ್ನಿನಲ್ಲಿ ಫ್ಲಾರೆನ್ಸ್ ನೈಟಿಂಗೇಲ್ ಹೆಸರಿನ ದಾದಿಯರ ಶಾಲೆ ಆರಂಭವಾದಾಗಲೂ ವಿದ್ಯಾರ್ಥಿನಿಯರು ಆಸ್ಪತ್ರೆಯ ವಸತಿಯಲ್ಲೇ ಇದ್ದು ಕಲಿತರು. ಇದು ನಾವು ಹೆಮ್ಮೆಪಡಬೇಕಾದ ಪರಂಪರೆಯೇ ಸರಿ. ಆದರೆ ಮಠದವರಿಗೆ ಅನ್ನ, ವಸತಿ, ಮುಪ್ಪಿನಲ್ಲಿ ಆಸರೆ, ಪ್ರಾರ್ಥನೆಗೂ ನಿದ್ರೆಗೂ ಗೊತ್ತುಪಡಿಸಿದ ವೇಳೆ ಎಲ್ಲವೂ ಇದ್ದವು. ಸಂಬಳದ ದಾದಿಗೆ ತ್ಯಾಗದ ಆದರ್ಶ ಮಾತ್ರ ಬಳುವಳಿಯಾಗಿ ಬಂತು. ಆ ಆಸರೆ ಬರಲಿಲ್ಲ. ‘ಸೇವೆ’ ಎಂಬ ಪವಿತ್ರ ಪದದ ಮರೆಯಲ್ಲಿ ತಾಸುಗಳನ್ನು ಎಣಿಸುವುದೇ ಸಣ್ಣತನವೆನಿಸಿತು.

ಹೀಗೆ ಎಣಿಸದೆ ಬಿಟ್ಟ ತಾಸುಗಳಿಗೆ ದೇಹವೂ ಮನಸ್ಸೂ ಬೆಲೆ ತೆತ್ತವು. 1974ರಲ್ಲಿ ನ್ಯೂಯಾರ್ಕಿನ ಮನೋವಿಜ್ಞಾನಿ ಹರ್ಬರ್ಟ್ ಫ್ರಾಯ್ಡನ್‌ಬರ್ಗರ್ ಈ ಸ್ಥಿತಿಯನ್ನು ‘ಬರ್ನ್‌ಔಟ್’ ಎಂದು ಕರೆದು ಲೇಖನ ಬರೆದರು. ಉಚಿತ ಚಿಕಿತ್ಸಾಲಯಗಳಲ್ಲಿ ಉತ್ಸಾಹದಿಂದ ದುಡಿಯುತ್ತಿದ್ದವರೇ ಉರಿದು ಬೂದಿಯಾಗುವುದನ್ನು ಅವರು ಹತ್ತಿರದಿಂದ ಕಂಡಿದ್ದರು. ಕನ್ನಡದಲ್ಲಿ ಇದನ್ನು ಬಸವಳಿಕೆ ಎನ್ನಬಹುದು. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದರ ಮೂರು ಲಕ್ಷಣಗಳನ್ನು ಗುರುತಿಸಿತು: ಶಕ್ತಿಯೆಲ್ಲ ಬತ್ತಿಹೋಗುವುದು, ಕೆಲಸದಿಂದ ಮನಸ್ಸು ದೂರ ಸರಿಯುವುದು, ಮಾಡಿದ ಕೆಲಸ ಫಲಕಾರಿಯಲ್ಲ ಎನಿಸುವುದು. ಇದು ಕಾಯಿಲೆಯಲ್ಲ, ದುಡಿಮೆಯ ಸ್ಥಳದಲ್ಲಿ ಹುಟ್ಟುವ ಸ್ಥಿತಿ ಎಂದೂ ಅದು ಹೇಳಿತು. ಎಂದರೆ, ದೋಷವನ್ನು ದಣಿದವನ ಸ್ವಭಾವದಲ್ಲಿ ಹುಡುಕುವ ಮೊದಲು ದುಡಿಮೆಯ ವ್ಯವಸ್ಥೆಯಲ್ಲಿ ಹುಡುಕಬೇಕು.

ಇದರ ಪೆಟ್ಟು ರೋಗಿಗೂ ತಟ್ಟುತ್ತದೆ. ಅಮೆರಿಕದ ಪೆನ್ಸಿಲ್ವೇನಿಯ ರಾಜ್ಯದ 168 ಆಸ್ಪತ್ರೆಗಳ ಅಧ್ಯಯನವೊಂದು 2002ರಲ್ಲಿ ಪ್ರಕಟವಾಯಿತು. ಒಬ್ಬ ದಾದಿಯ ಪಾಲಿಗೆ ಒಬ್ಬ ರೋಗಿ ಹೆಚ್ಚಾದಂತೆಲ್ಲ, ಶಸ್ತ್ರಚಿಕಿತ್ಸೆಗೆ ಒಳಗಾದವರು 30 ದಿನಗಳೊಳಗೆ ಸಾಯುವ ಸಂಭವ ಶೇಕಡಾ 7ರಷ್ಟು, ದಾದಿ ಬಸವಳಿಯುವ ಸಂಭವ ಶೇಕಡಾ 23ರಷ್ಟು ಏರುವುದನ್ನು ಅದು ಕಂಡಿತು.

ನಮ್ಮ ದೇಶದಲ್ಲಿ ಈ ಕೊರತೆ ಹಳೆಯದು. 1946ರ ಭೋರ್ ಸಮಿತಿಯ ಲೆಕ್ಕದಲ್ಲಿ ಸುಮಾರು 43,000 ಜನರಿಗೆ ಒಬ್ಬ ದಾದಿ ಇದ್ದಳು. ವೈದ್ಯರಿಗಾಗಿ ನಿಯಮಗಳೇನೋ ಬಂದವು. ಸ್ಥಾನಿಕ ವೈದ್ಯರ ನಿರಂತರ ಕರ್ತವ್ಯ ಸಾಮಾನ್ಯವಾಗಿ ದಿನಕ್ಕೆ 12 ತಾಸು, ವಾರಕ್ಕೆ 48 ತಾಸು ಮೀರಬಾರದೆಂದು ಕೇಂದ್ರ ಸರ್ಕಾರ 1992ರಲ್ಲಿ ಸೂಚಿಸಿತು. ಆದರೆ 2024ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾರ್ಯಪಡೆ, ವಾರಕ್ಕೆ 74 ತಾಸಾದರೂ ಮೀರದಿರಲಿ, ವಾರಕ್ಕೊಂದು ದಿನ ಬಿಡುವಿರಲಿ, ದಿನಕ್ಕೆ ಏಳೆಂಟು ತಾಸು ನಿದ್ರೆ ಸಿಗಲಿ ಎಂದು ಶಿಫಾರಸು ಮಾಡಬೇಕಾಯಿತು. ಗಿರಣಿಯ ಕಾರ್ಮಿಕನಿಗೆ 1946ರಲ್ಲಿ ಸಿಕ್ಕ ಮಿತಿಗಿಂತ ಇದು 26 ತಾಸು ಹೆಚ್ಚು!

ನಮ್ಮ ಊರಿನ ಕಥೆಯೂ ಇದರಲ್ಲಿ ಸೇರಿದೆ. 2020ರಲ್ಲಿ ಕೋವಿಡ್ ಕಾಲದಲ್ಲಿಯೇ ದಾವಣಗೆರೆಯ ಕಿರಿಯ ವೈದ್ಯರು, ಒಂದು ವರ್ಷಕ್ಕೂ ಹೆಚ್ಚು ಕಾಲ ಬಾರದ ಶಿಷ್ಯವೇತನಕ್ಕಾಗಿ ಬೀದಿಯಲ್ಲಿ ಕುಳಿತರು. ಹಳ್ಳಿಹಳ್ಳಿ ಸುತ್ತುವ ಆಶಾ ಕಾರ್ಯಕರ್ತೆಯರನ್ನು 2005ರಿಂದಲೂ ‘ಸ್ವಯಂಸೇವಕಿ’ ಎಂದೇ ಲೆಕ್ಕಹಾಕಿ ಸಂಬಳದ ಬದಲು ಪ್ರೋತ್ಸಾಹಧನ ಕೊಡಲಾಯಿತು. 2025ರ ಜನವರಿಯಲ್ಲಿ ಅವರು ನ್ಯಾಯಯುತ ಗೌರವಧನ ಕೇಳಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಧರಣಿ ಹೂಡಿದರು. ಕೈಮುಗಿದು ‘ನಿಮ್ಮದು ಮಹಾ ಸೇವೆ’ ಎನ್ನುವ ಸಮಾಜವೇ ಲೆಕ್ಕದ ಪುಸ್ತಕ ತೆರೆಯುವಾಗ ಕೈ ಬಿಗಿಹಿಡಿಯುತ್ತದೆ.

ಗಿರಣಿಯ ಯಂತ್ರವನ್ನು ನಿಲ್ಲಿಸಬಹುದು. ಜ್ವರವನ್ನೂ ಹೆರಿಗೆಯನ್ನೂ ನಿಲ್ಲಿಸಲಾಗದು ಎಂದು ನೀವು ಹೇಳಬಹುದು. ಸತ್ಯ. ಆಸ್ಪತ್ರೆಗೆ ಬಾಗಿಲು ಹಾಕಲಾಗದು. ಆದುದರಿಂದಲೇ ಅಲ್ಲಿ ಪಾಳಿ ವಹಿಸಿಕೊಳ್ಳಲು ಮತ್ತೊಬ್ಬರು ಸಕಾಲಕ್ಕೆ ಬರಬೇಕು. ಅಷ್ಟು ಜನರನ್ನು ನೇಮಿಸುವುದು ಸರ್ಕಾರದ, ಆಡಳಿತ ಮಂಡಳಿಗಳ ಹೊಣೆ. ಧಾರ್ಮಿಕ ಸಂಸ್ಥೆಗಳು ನಡೆಸುವ ಆಸ್ಪತ್ರೆಗಳೂ ಈ ಹೊಣೆಯಿಂದ ಹೊರತಲ್ಲ.

ನಮ್ಮ ಕುಟುಂಬಗಳ ಪಾಲೂ ಇದೆ. ರಾತ್ರಿಪಾಳಿ ಮುಗಿಸಿ ಬಂದ ಸೊಸೆಗೆ ಒಲೆಯ ಕೆಲಸ ಕಾದಿರದಿರಲಿ. ಹಗಲಿನಲ್ಲಿ ಅವಳು ಮಲಗಿದರೆ ಸೋಮಾರಿತನವೆಂದು ಎಣಿಸಬೇಡಿರಿ. ನೆರೆಮನೆಯ ದಾದಿಯನ್ನು ರಜಾದಿನದಲ್ಲಿ ಸಣ್ಣಪುಟ್ಟದಕ್ಕೆಲ್ಲ ಎಬ್ಬಿಸಬೇಡಿರಿ. ವಾರ್ಡಿನಲ್ಲಿ ತಡವಾದಾಗ ಕೂಗಾಡುವ ಮೊದಲು, ಇಲ್ಲಿ ಎಷ್ಟು ರೋಗಿಗಳಿಗೆ ಒಬ್ಬ ದಾದಿ ಇದ್ದಾಳೆಂದು ಕೇಳಿರಿ. ಉತ್ತರ ಕಳವಳಕಾರಿಯಾಗಿದ್ದರೆ ಅದನ್ನು ಆಡಳಿತದವರಿಗೆ ಬರೆದು ತಿಳಿಸಿರಿ. ಗಿರಣಿಯವರ 48 ತಾಸುಗಳೂ ಹೀಗೆ ಅನೇಕರು ಕೇಳಿ ಕೇಳಿಯೇ ಸಿಕ್ಕಿದ್ದವು.