ಎರಡು ಬಿಂಬ ಒಂದಾಗುವ ಕ್ಯಾಮೆರಾ: ಸಾಲ ಮಾಡುವ ಮುನ್ನ ನೂರು ವರ್ಷದ ಕಥೆ

ಕಳೆದ ತಿಂಗಳು ನಮ್ಮ ಕಡೆಯ ಹುಡುಗನೊಬ್ಬ ಬಸ್ ಸ್ಟ್ಯಾಂಡ್ ಪಕ್ಕದ ಚಹಾದಂಗಡಿಗೆ ನಮ್ಮನ್ನು ಹುಡುಕಿಕೊಂಡು ಬಂದ. ವಯಸ್ಸು 26. ಮದುವೆ, ಸೀಮಂತ, ಜಾತ್ರೆ ಫೋಟೊ ತೆಗೆದು ಜೀವನ ಮಾಡುತ್ತಾನೆ. ಮೊಬೈಲ್ ತೆಗೆದು ಒಂದು ಕ್ಯಾಮೆರಾದ ಚಿತ್ರ ತೋರಿಸಿದ. ಕಪ್ಪು ಬಣ್ಣದ, ಕೈಯಲ್ಲಿ ಹಿಡಿಯುವಷ್ಟು ಚಿಕ್ಕ ಡಬ್ಬಿ. "ಅಣ್ಣಾರ, ತಗೋಲೋ ಬ್ಯಾಡೋ? ಒಂದ ಮಾತಿನ್ಯಾಗ ಹೇಳ್ರಿ" ಎಂದ.

ಅದು ಜರ್ಮನಿಯ ಲೈಕಾ ಕಂಪನಿಯ ಎಂ11. ಡಿಜಿಟಲ್ ರೇಂಜ್‌ಫೈಂಡರ್ ಕ್ಯಾಮೆರಾ. 2022ರ ಜನವರಿಯಲ್ಲಿ ಹೊರಬಂದಾಗ ಅಮೆರಿಕದಲ್ಲಿ ಅದರ ಬೆಲೆ 8,995 ಡಾಲರ್. ಡಾಲರಿಗೆ 85 ರೂಪಾಯಿ ಹಿಡಿದರೂ ಏಳೂವರೆ ಲಕ್ಷ ದಾಟುತ್ತದೆ. ಲೆನ್ಸ್ ಬೇರೆ, ತೆರಿಗೆ ಬೇರೆ. ಹುಡುಗ ತನ್ನ ಹಳೆಯ ಕ್ಯಾಮೆರಾ ಮಾರಿ, ಉಳಿದದ್ದಕ್ಕೆ 8 ಲಕ್ಷ ಸಾಲ ಎತ್ತುವ ಯೋಚನೆಯಲ್ಲಿದ್ದ. ಸಾಲಕ್ಕೆ ಅಪ್ಪನ ಸಹಿ ಬೇಕು. ಅವನ ಅವ್ವ ನಮಗೆ ಮೊದಲೇ ಫೋನ್ ಮಾಡಿದ್ದಳು: "ನಿಮ್ಮ ಮಾತಾದ್ರ ಕೇಳ್ತಾನ. ಹೊಲ ಹೋಗೂವಂಗ ಮಾಡಬ್ಯಾಡ ಅಂತ ಹೇಳ್ರಿ."

ಒಂದು ಮಾತಿನಲ್ಲಿ ಹೇಳುವ ವಿಷಯ ಇದಲ್ಲ. ಈ ಕ್ಯಾಮೆರಾದ ಹಿಂದೆ ನೂರು ವರ್ಷದ ಕಥೆ ಇದೆ. ಅವನಿಗೆ ಹೇಳಿದ್ದನ್ನೇ ಇಲ್ಲಿ ನಿಮಗೂ ಹೇಳುತ್ತಿದ್ದೇವೆ. ಪ್ರತಿ ಊರಲ್ಲೂ ಇಂಥ ಒಬ್ಬ ಹುಡುಗ ಇದ್ದಾನೆ ಎಂದು ನಮಗೆ ಗೊತ್ತು.

ಹೆಬ್ಬೆರಳಿನ ಲೆಕ್ಕ

ಮೊದಲು ಒಂದು ಚಿಕ್ಕ ಪ್ರಯೋಗ ಮಾಡಿ. ಕೈ ಮುಂದೆ ಚಾಚಿ ಹೆಬ್ಬೆರಳು ಎತ್ತಿ. ಎಡಗಣ್ಣು ಮುಚ್ಚಿ ನೋಡಿ, ಆಮೇಲೆ ಬಲಗಣ್ಣು ಮುಚ್ಚಿ ನೋಡಿ. ಬೆರಳು ಆಕಡೆ ಈಕಡೆ ಜಿಗಿದಂತೆ ಕಾಣುತ್ತದೆ. ಬೆರಳನ್ನು ಮುಖದ ಹತ್ತಿರ ತಂದರೆ ಜಿಗಿತ ಹೆಚ್ಚು, ದೂರ ಒಯ್ದರೆ ಕಡಿಮೆ. ಅಂದರೆ ಜಿಗಿತವನ್ನು ಅಳೆದರೆ ದೂರ ಎಷ್ಟೆಂದು ತಿಳಿಯುತ್ತದೆ. ಸೈನ್ಯದವರು ತೋಪಿನ ಗುರಿಗೆ ದೂರ ಕಂಡುಹಿಡಿಯುತ್ತಿದ್ದದ್ದೂ ಇದೇ ಲೆಕ್ಕದಿಂದ.

ರೇಂಜ್‌ಫೈಂಡರ್ ಎಂದರೆ ದೂರ ಅಳೆಯುವ ಸಾಧನ. ಕ್ಯಾಮೆರಾದ ಮುಂಭಾಗದಲ್ಲಿ ಎರಡು ಕಣ್ಣಿನಂತೆ ಎರಡು ಕಿಂಡಿ ಇರುತ್ತವೆ. ಒಂದರಿಂದ ಬಂದ ಬಿಂಬದ ಮೇಲೆ, ನಡುವಿನ ಚಿಕ್ಕ ಚೌಕದಲ್ಲಿ, ಇನ್ನೊಂದರಿಂದ ಬಂದ ಬಿಂಬ ಬೀಳುತ್ತದೆ. ಲೆನ್ಸಿನ ಬಳೆ ತಿರುಗಿಸಬೇಕು. ಎರಡು ಬಿಂಬ ಕೂಡಿ ಒಂದಾದರೆ ಫೋಕಸ್ ಸರಿಯಾಯಿತು ಎಂದರ್ಥ. ಆಟೊಫೋಕಸ್ ಇಲ್ಲ. ಕಣ್ಣು ಮತ್ತು ಬೆರಳೇ ಎಲ್ಲ.

ಉಬ್ಬಸದ ಮನುಷ್ಯ, ಧೈರ್ಯದ ಮಾಲೀಕ

ಜರ್ಮನಿಯ ವೆಟ್ಸ್ಲರ್ ಎಂಬ ಊರಲ್ಲಿ ಲೈಟ್ಸ್ ಎಂಬ ಸೂಕ್ಷ್ಮದರ್ಶಕದ ಕಾರ್ಖಾನೆ ಇತ್ತು. ಅಲ್ಲಿ ಓಸ್ಕರ್ ಬಾರ್ನಾಕ್ ಎಂಬ ಮೆಕ್ಯಾನಿಕ್ ಇದ್ದ. ಅವನಿಗೆ ಉಬ್ಬಸ. ಆಗಿನ ಕ್ಯಾಮೆರಾಗಳೋ ಗಾಜಿನ ಪ್ಲೇಟು, ದೊಡ್ಡ ಪೆಟ್ಟಿಗೆ, ಮೂರು ಕಾಲಿನ ಸ್ಟ್ಯಾಂಡು. ಹೊತ್ತು ಗುಡ್ಡ ಹತ್ತುವುದು ಅವನಿಂದ ಆಗದು. ಸಿನೆಮಾಕ್ಕೆ ಬಳಸುವ 35 ಮಿ.ಮೀ. ರೀಲನ್ನೇ ಹಾಕಿ ಜೇಬಿಗೆ ಹಿಡಿಯುವ ಕ್ಯಾಮೆರಾವನ್ನು 1914ರ ಹೊತ್ತಿಗೆ ಮಾಡಿದ. 24x36 ಮಿ.ಮೀ. ಚೌಕಟ್ಟು ಅವನದೇ. ಇವತ್ತು ನಮ್ಮ ಹುಡುಗರು "ಫುಲ್ ಫ್ರೇಮ್" ಎನ್ನುವುದು ಅದೇ ಅಳತೆಗೆ.

ಅಷ್ಟರಲ್ಲಿ ಮೊದಲ ಮಹಾಯುದ್ಧ ಬಂತು, ಕೆಲಸ ನಿಂತಿತು. ಯುದ್ಧ ಮುಗಿದ ಮೇಲೆ ಜರ್ಮನಿಯಲ್ಲಿ ಹಣಕ್ಕೆ ಬೆಲೆಯೇ ಇಲ್ಲದ ದಿನಗಳು. 1924ರಲ್ಲಿ ಕಾರ್ಖಾನೆಯಲ್ಲಿ ಸಭೆ ಸೇರಿತು. ಇಂಥ ಹೊತ್ತಲ್ಲಿ ಹೊಸ ಕ್ಯಾಮೆರಾ ಬೇಕೇ ಎಂಬುದು ಪ್ರಶ್ನೆ. ಬೇಡ ಎನ್ನುವವರೂ ಇದ್ದರು. ಮಾಲೀಕ ಎರ್ನ್ಸ್ಟ್ ಲೈಟ್ಸ್ ಮಾಡಿಯೇ ಬಿಡೋಣ ಎಂದು ತೀರ್ಮಾನಿಸಿದ. 1925ರಲ್ಲಿ ಲೈಪ್‌ಜಿಗ್ ಮೇಳದಲ್ಲಿ ಲೈಕಾ ಜನರ ಮುಂದೆ ಬಂತು. ಲೈಟ್ಸ್‌ನ "ಲೈ", ಕ್ಯಾಮೆರಾದ "ಕಾ" ಸೇರಿ ಲೈಕಾ.

ಇಲ್ಲಿ ಹುಡುಗನ ಕಣ್ಣು ಹೊಳೆಯಿತು. "ನೋಡ್ರಿ, ಅಂವಾ ಧೈರ್ಯ ಮಾಡಿದ್ದಕ್ಕ ಆತು." ಆತು, ನಿಜ. ಆದರೆ ಮಾಲೀಕ ಪಣಕ್ಕಿಟ್ಟದ್ದು ಸ್ವಂತ ಕಾರ್ಖಾನೆಯನ್ನು. ಸೂಕ್ಷ್ಮದರ್ಶಕದ ವ್ಯಾಪಾರ ಬೆನ್ನಿಗಿತ್ತು. ಒಂದು ಬೆಳೆ ಹೋದರೆ ಇನ್ನೊಂದು ಬೆಳೆ ಇತ್ತು ಎನ್ನಿ.

ಆ ಮೊದಲ ಲೈಕಾದಲ್ಲಿ ದೂರ ಅಳೆಯುವ ಸಾಧನ ಒಳಗೆ ಇರಲಿಲ್ಲ. 1932ರಲ್ಲಿ ಲೆನ್ಸಿಗೇ ಜೋಡಿಸಿದ ರೇಂಜ್‌ಫೈಂಡರ್ ಬಂತು. ಅದೇ ವರ್ಷ ಪೈಪೋಟಿಗೆ ಕಾಂಟ್ಯಾಕ್ಸ್ ಬಂತು. ಜಪಾನಿನಲ್ಲಿ 1936ರಲ್ಲಿ ಹನ್ಸಾ ಕ್ಯಾನನ್, 1948ರಲ್ಲಿ ನಿಕಾನ್. ಇಂದು ನಮ್ಮ ಮದುವೆ ಮಂಟಪಗಳಲ್ಲಿ ಕಾಣುವ ಈ ಎರಡು ಕಂಪನಿಗಳ ಮೊದಲ ಕ್ಯಾಮೆರಾಗಳು ರೇಂಜ್‌ಫೈಂಡರ್‌ಗಳೇ.

ದೆಹಲಿಯ ಆ ರಾತ್ರಿ

ಫ್ರಾನ್ಸಿನ ಆನ್ರಿ ಕಾರ್ಟಿಯೆ-ಬ್ರೆಸಾನ್ ಲೈಕಾ ಹಿಡಿದು ಲೋಕ ಸುತ್ತಿದವರು. 1947ರಲ್ಲಿ ಭಾರತಕ್ಕೆ ಬಂದರು. 1948ರ ಜನವರಿ 30ರಂದು ಗಾಂಧೀಜಿಯವರನ್ನು ಭೇಟಿಯಾಗಿ ಹೊರಬಂದ ಸ್ವಲ್ಪ ಹೊತ್ತಿಗೇ ಗುಂಡಿನ ಸುದ್ದಿ ಬಂತು. ಆ ರಾತ್ರಿ ಬಿರ್ಲಾ ಭವನದ ಗೇಟಿನ ಬಳಿ ನೆಹರೂ ಜನರಿಗೆ ಸಾವಿನ ಸುದ್ದಿ ತಿಳಿಸುವ ಚಿತ್ರವನ್ನು ನೀವೂ ಎಲ್ಲಾದರೂ ನೋಡಿರಬಹುದು. ಮಂದ ದೀಪದ ಬೆಳಕು, ಅಲುಗಿದ ಅಂಚು. ಅದು ಅವರು ತೆಗೆದದ್ದು.

ಕತ್ತಲಲ್ಲಿ, ಗುಂಪಿನ ನಡುವೆ, ಸದ್ದಿಲ್ಲದೆ ಫೋಟೊ ತೆಗೆಯಲು ಈ ಕ್ಯಾಮೆರಾ ಹೇಳಿ ಮಾಡಿಸಿದ್ದು. ವ್ಯೂಫೈಂಡರ್‌ನಲ್ಲಿ ಚೌಕಟ್ಟಿನ ಹೊರಗೂ ಸ್ವಲ್ಪ ಕಾಣುತ್ತದೆ. ಚಿತ್ರದೊಳಗೆ ಯಾರು ನಡೆದು ಬರುತ್ತಿದ್ದಾರೆ ಎಂದು ಮೊದಲೇ ತಿಳಿಯುತ್ತದೆ. ಕ್ಲಿಕ್ ಮಾಡುವ ಕ್ಷಣದಲ್ಲಿ ಕಣ್ಣ ಮುಂದೆ ಕಪ್ಪಾಗುವುದಿಲ್ಲ. ಹುಡುಗನ ಆಸೆ ಹುಚ್ಚು ಆಸೆಯಲ್ಲ ಎನ್ನುವುದು ಇದಕ್ಕೇ.

ಕನ್ನಡಿ ಬಂತು, ಕಿಂಡಿ ಹೋಯಿತು

1954ರಲ್ಲಿ ಲೈಕಾ ಎಂ3 ಬಂತು. ಬಿಂಬ ಕೂಡಿಸುವುದು, ಚೌಕಟ್ಟು ನೋಡುವುದು ಎರಡೂ ಒಂದೇ ಕಿಂಡಿಯಲ್ಲಿ. ಆ ವರ್ಷದ ಲೆನ್ಸ್ ಕೂರಿಸುವ ಬಾಯಿ ಇವತ್ತಿನ ಎಂ11ರಲ್ಲೂ ಅದೇ.

ಆದರೆ 1959ರಲ್ಲಿ ನಿಕಾನ್ ಎಫ್ ಬಂದು ಗಾಳಿ ತಿರುಗಿತು. ಒಳಗೆ ಕನ್ನಡಿ ಇರುವ ಎಸ್‌ಎಲ್‌ಆರ್ ಅದು. ಲೆನ್ಸ್ ಏನು ನೋಡುತ್ತದೋ ಅದನ್ನೇ ಕಣ್ಣೂ ನೋಡುತ್ತದೆ. ದೂರದ ವೇದಿಕೆಯನ್ನು ಹತ್ತಿರ ಎಳೆಯಬಹುದು, ಹೂವಿನ ಎಸಳಿನಷ್ಟು ಹತ್ತಿರವೂ ಹೋಗಬಹುದು. ರೇಂಜ್‌ಫೈಂಡರ್‌ಗೆ ಇವೆರಡೂ ಕಷ್ಟ. ಲೈಕಾದಲ್ಲಿ ಬಿಂಬ ಕೂಡಿಸಿ ನೋಡುವ ಲೆನ್ಸ್ 135 ಮಿ.ಮೀ.ಗೆ ನಿಲ್ಲುತ್ತದೆ. ಹತ್ತಿರದ ಮಿತಿ ಸಾಮಾನ್ಯವಾಗಿ 70 ಸೆಂ.ಮೀ. ಪತ್ರಿಕೆಯವರು ನಿಧಾನವಾಗಿ ಎಸ್‌ಎಲ್‌ಆರ್ ಕಡೆ ಹೊರಳಿದರು. 1966ರ ಯಾಶಿಕಾ ಎಲೆಕ್ಟ್ರೋ 35ರಂಥ ಅಗ್ಗದ ರೇಂಜ್‌ಫೈಂಡರ್‌ಗಳು ಮಾತ್ರ ಮನೆಮನೆಗೆ ಹೋದವು. ನಮ್ಮ ತಾಲೂಕಿನ ಹಳೆಯ ಸ್ಟುಡಿಯೋದ ಗಾಜಿನ ಬೀರುವಿನಲ್ಲಿ ಅಂಥದೊಂದು ಇನ್ನೂ ಕೂತಿದೆ.

ಬಾವಿಯೊಳಗೆ ಬಿಸಿಲು

ಡಿಜಿಟಲ್ ಕಾಲ ಬಂದಾಗ ಈ ಕ್ಯಾಮೆರಾಕ್ಕೆ ಹೊಸ ತೊಂದರೆ. ಬಾವಿಯ ತಳಕ್ಕೆ ಬಿಸಿಲು ಬೀಳುವುದು ನಡುಮಧ್ಯಾಹ್ನ, ಸೂರ್ಯ ನೆತ್ತಿಯ ಮೇಲಿದ್ದಾಗ. ಓರೆ ಬಿಸಿಲು ಗೋಡೆಗೇ ನಿಲ್ಲುತ್ತದೆ. ಡಿಜಿಟಲ್ ಸೆನ್ಸರ್ ಎಂದರೆ ಲಕ್ಷಗಟ್ಟಲೆ ಪುಟ್ಟ ಬಾವಿಗಳು. ರೇಂಜ್‌ಫೈಂಡರ್‌ನಲ್ಲಿ ಕನ್ನಡಿ ಇಲ್ಲದ್ದರಿಂದ ಲೆನ್ಸ್ ಸೆನ್ಸರ್‌ಗೆ ತೀರ ಹತ್ತಿರ ಕೂರುತ್ತದೆ, ಮೂಲೆಗಳಿಗೆ ಬೆಳಕು ಓರೆಯಾಗಿ ಬೀಳುತ್ತದೆ. ಮೂಲೆ ಕಪ್ಪಾಗುತ್ತದೆ.

ಮೊದಲ ಡಿಜಿಟಲ್ ರೇಂಜ್‌ಫೈಂಡರ್ ಮಾಡಿದ್ದು ಲೈಕಾ ಅಲ್ಲ, ಪ್ರಿಂಟರ್ ಮಾಡುವ ಜಪಾನಿನ ಎಪ್ಸನ್. 2004ರ ಆರ್-ಡಿ1. ಆರು ಮೆಗಾಪಿಕ್ಸೆಲ್. ಡಿಜಿಟಲ್ ಆದರೂ ಪ್ರತಿ ಫೋಟೊಗೆ ಹಳೆಯ ರೀಲು ಕ್ಯಾಮೆರಾದಂತೆ ಕೈಯಿಂದ ಲಿವರ್ ಎಳೆಯಬೇಕಿತ್ತು.

2006ರಲ್ಲಿ ಲೈಕಾ ಎಂ8 ಬಂತು. ಓರೆ ಬೆಳಕಿಗಾಗಿ ಸೆನ್ಸರ್ ಮೇಲಿನ ಗಾಜನ್ನು ತೀರ ತೆಳ್ಳಗೆ ಮಾಡಿದ್ದರು. ಆ ತೆಳು ಗಾಜು ಕಣ್ಣಿಗೆ ಕಾಣದ ಅತಿಗೆಂಪು ಕಿರಣವನ್ನು ಪೂರ್ತಿ ತಡೆಯಲಿಲ್ಲ. ಕಪ್ಪು ಸಿಂಥೆಟಿಕ್ ಬಟ್ಟೆ ನೇರಳೆಯಾಗಿ ಕಾಣತೊಡಗಿತು. ಕಪ್ಪು ಸೂಟು ತೊಟ್ಟ ಮದುಮಗ ನೇರಳೆ ಹಣ್ಣಿನ ಬಣ್ಣಕ್ಕೆ ಬಂದರೆ ಹೇಗಿರುತ್ತದೆ ಯೋಚಿಸಿ! ಕಂಪನಿ ಕೊಂಡವರಿಗೆ ಲೆನ್ಸ್ ಮೇಲೆ ಹಾಕುವ ಎರಡೆರಡು ಫಿಲ್ಟರ್ ಪುಕ್ಕಟೆ ಕೊಟ್ಟಿತು.

2009ರಲ್ಲಿ ಎಂ9. ಫುಲ್ ಫ್ರೇಮ್, 18 ಮೆಗಾಪಿಕ್ಸೆಲ್, 6,995 ಡಾಲರ್. ಕೆಲವು ವರ್ಷ ಕಳೆಯುವುದರಲ್ಲಿ ಸೆನ್ಸರ್ ಮೇಲಿನ ಗಾಜಿಗೆ ಸವೆತ ಹಿಡಿದು ಚಿತ್ರದಲ್ಲಿ ಚುಕ್ಕೆಗಳು ಕಂಡವು. ಕಂಪನಿ ಕೆಲ ವರ್ಷ ಪುಕ್ಕಟೆ ಬದಲಿಸಿತು, ಆಮೇಲೆ ಆ ಸೌಲಭ್ಯ ನಿಂತಿತು.

ಈ ಇತಿಹಾಸದಲ್ಲಿ ನಮಗೆ ಮುಖ್ಯ ಎನಿಸಿದ ಮಾತು ಇದು. 1954ರ ಎಂ3ಕ್ಕೆ ರೀಲು ಹಾಕಿದರೆ ಇಂದೂ ಫೋಟೊ ಬರುತ್ತದೆ. 1954ರ ಲೆನ್ಸ್ ಎಂ11ಕ್ಕೂ ಕೂರುತ್ತದೆ. ಆದರೆ ನಡುವೆ ಬಂದ ಡಿಜಿಟಲ್ ಡಬ್ಬಿಗಳಿಗೆ ಆಯುಸ್ಸು ಕಡಿಮೆ. ಲೆನ್ಸ್ ಹೊಲ ಇದ್ದಂತೆ. ಡಿಜಿಟಲ್ ಬಾಡಿ ಎತ್ತು ಇದ್ದಂತೆ. ಎಷ್ಟೇ ಒಳ್ಳೆಯದಿರಲಿ, ಒಂದು ದಿನ ಮುದಿಯಾಗುತ್ತದೆ. ಎತ್ತು ಕೊಳ್ಳಲು ಹೊಲ ಅಡ ಇಡುತ್ತೇವೆಯೇ?

ಕಂತಿಗೆ ಆಷಾಢ ಗೊತ್ತಿಲ್ಲ

ಅವನ ಎದುರೇ ಕಾಗದದ ಮೇಲೆ ಲೆಕ್ಕ ಹಾಕಿದೆವು. 8 ಲಕ್ಷ ಸಾಲ, ಶೇ 14 ಬಡ್ಡಿ, ಮೂರು ವರ್ಷ. ತಿಂಗಳ ಕಂತು ಸುಮಾರು 27,300 ರೂಪಾಯಿ. ಒಟ್ಟು ಕಟ್ಟುವುದು 9.8 ಲಕ್ಷದ ಆಸುಪಾಸು. ಒಂದು ಮದುವೆಗೆ ಖರ್ಚು ಕಳೆದು ಅವನ ಕೈಗೆ ಉಳಿಯುವುದು 9 ಸಾವಿರ ಎಂದು ಅವನೇ ಹೇಳಿದ. ಅಂದರೆ ಕಂತಿಗೇ ತಿಂಗಳಿಗೆ ಮೂರು ಮದುವೆ ಬೇಕು. ಆಷಾಢದಲ್ಲಿ ಮದುವೆ ಇಲ್ಲ. ಕಂತಿಗೆ ಆಷಾಢ ಗೊತ್ತಿಲ್ಲ.

ಇನ್ನೊಂದು ಮಾತು. ಎಂ11ರಲ್ಲಿ ವಿಡಿಯೋ ಇಲ್ಲ. ಇವತ್ತು ವಿಡಿಯೋ ಇಲ್ಲದ ಮದುವೆ ಯಾವುದಿದೆ? ತಾಳಿ ಕಟ್ಟುವ ಗಳಿಗೆಯಲ್ಲಿ ಸುತ್ತ ಹತ್ತು ಮೊಬೈಲ್, ಮೇಲೆ ಅಕ್ಷತೆ, ನಡುವೆ ನುಗ್ಗುವ ಮಾವಂದಿರು. ಆ ಮೂರು ಸೆಕೆಂಡಿನಲ್ಲಿ ಕೈಯಿಂದ ಬಿಂಬ ಕೂಡಿಸಬೇಕು. ತಪ್ಪಿದರೆ ಇನ್ನೊಮ್ಮೆ ತಾಳಿ ಕಟ್ಟಿಸಲು ಆಗುವುದಿಲ್ಲ.

ನಾವೂ ಸುಟ್ಟುಕೊಂಡವರೇ. ಡಿಪ್ಲೊಮಾ ಮುಗಿಸಿ ಹೊಸದಾಗಿ ಸುದ್ದಿ ಕಳಿಸುತ್ತಿದ್ದಾಗ ಕಂತಿನ ಮೇಲೆ ದೊಡ್ಡ ಕ್ಯಾಮೆರಾ ತಂದೆವು. ಪತ್ರಿಕೆ ಒಂದು ಫೋಟೊಗೆ ಕೊಡುತ್ತಿದ್ದ ದುಡ್ಡು ಪೆಟ್ರೋಲಿಗೂ ಸಾಲುತ್ತಿರಲಿಲ್ಲ. ಕಂತು ಮುಗಿಯುವ ಮೊದಲೇ ಮನೆಯವರ ಬಳೆ ಅಡಕ್ಕೆ ಹೋಗಿತ್ತು. ಬಳೆ ಬಿಡಿಸಿಕೊಳ್ಳಲು ಎರಡು ವರ್ಷ ಬೇಕಾಯಿತು. ಆ ಕ್ಯಾಮೆರಾದಲ್ಲಿ ತೆಗೆದ ಒಳ್ಳೆಯ ಚಿತ್ರ ಯಾವುದು ಎಂದು ಕೇಳಿದರೆ ನಮಗೆ ತಟ್ಟನೆ ನೆನಪಾಗುವುದಿಲ್ಲ. ಕಂತಿನ ತಾರೀಖು ಮಾತ್ರ ನೆನಪಿದೆ.

ಮೈಸೂರಿನ ಟಿ.ಎಸ್. ಸತ್ಯನ್ ಅವರ ಹೆಸರನ್ನೂ ಅವನಿಗೆ ಹೇಳಿದೆವು. 1923ರಲ್ಲಿ ಹುಟ್ಟಿ, ಸಾಮಾನ್ಯ ಜನರ, ಮಕ್ಕಳ ದಿನನಿತ್ಯದ ಬದುಕನ್ನು ತೆಗೆದು 1977ರಲ್ಲಿ ಪದ್ಮಶ್ರೀ ಪಡೆದವರು. ಅವರ ಚಿತ್ರ ನೋಡಿದವರು ಮಕ್ಕಳ ನಗು ನೋಡುತ್ತಾರೆ, ಯಾವ ಕ್ಯಾಮೆರಾ ಎಂದು ಕೇಳುವುದಿಲ್ಲ.

ಹುಡುಗ ತುಂಬ ಹೊತ್ತು ಸುಮ್ಮನಿದ್ದ. ಚಹಾ ಆರಿತ್ತು. ಆಮೇಲೆ ನಾವು ಸ್ಟುಡಿಯೋಗೆ ಕರೆದುಕೊಂಡು ಹೋಗಿ ಹಿರಿಯರಿಗೆ ವಿಷಯ ಹೇಳಿದೆವು. ಅವರು ಬೀರು ತೆಗೆದು ಯಾಶಿಕಾವನ್ನು ಅವನ ಕೈಗಿಟ್ಟರು. "ಮೂರು ರೀಲು ಹೊಡಿ. ಬಿಂಬ ಕೂಡಿಸೋದು ನಿನ್ನ ಕೈಗೆ ಹತ್ತತೇತೋ ಇಲ್ಲೋ ನೋಡು. ಆಸೆ ಉಳಿದ್ರ ಆಮ್ಯಾಲ ಮಾತಾಡೂಣು" ಎಂದರು. ಬಾಡಿಗೆ ಕೇಳಲಿಲ್ಲ.

ಮೊದಲ ರೀಲಿನ 36ರಲ್ಲಿ 11 ಚಿತ್ರ ಸರಿ ಬಂದಿವೆ. ಅದರಲ್ಲಿ ಒಂದು, ಹಿತ್ತಲಲ್ಲಿ ಮೆಣಸಿನಕಾಯಿ ಹರವುತ್ತಿರುವ ಅವನ ಅವ್ವನದು. ಅವಳಿಗೆ ಗೊತ್ತಾಗದಂತೆ ತೆಗೆದದ್ದು. ಸಾಲದ ಅರ್ಜಿ ಇನ್ನೂ ಅವನ ಚೀಲದಲ್ಲೇ ಇದೆ, ಅಪ್ಪ ಸಹಿ ಹಾಕಿಲ್ಲ. ಇನ್ನೂ ಎರಡು ರೀಲು ಬಾಕಿ ಇವೆ.

ತಾನೇ ದುಡಿದ ದುಡ್ಡು ಕೂಡಿ ಬಂದ ದಿನ ಅವನು ಆ ಕ್ಯಾಮೆರಾ ತಂದರೆ, ಅದರ ಮೊದಲ ಫೋಟೊಗೆ ನಾವೇ ನಿಲ್ಲುತ್ತೇವೆ ಎಂದು ಮಾತು ಕೊಟ್ಟಿದ್ದೇವೆ.